ಅಳಿಸುವ ಮುನ್ನ ಎಣಿಸೋಣ



ಶಾಲೆಯ ಕಂಪ್ಯೂಟರಿನಲ್ಲಿ 8, 9, 10ನೇ ತರಗತಿಗಳಿಗೆ ಬೇರೆ ಬೇರೆ ಫೋಲ್ಡರ್‌ಗಳಿವೆ ಎಂದುಕೊಳ್ಳಿ. ಮೂರರಲ್ಲೂ ‘ಟಿಎಂಪಿ’ ಎಂದು ಕೊನೆಗೊಳ್ಳುವ ತಾತ್ಕಾಲಿಕ ಕಡತಗಳು ತುಂಬಿಕೊಂಡಿವೆ. ಒಂದೊಂದನ್ನೇ ತೆರೆದು ಅಳಿಸುತ್ತ ಕೂತರೆ ಒಂದು ಪಿರಿಯಡ್ಡೇ ಮುಗಿದೀತು. ವಿಂಡೋಸ್‌ನಲ್ಲಿ ಇದಕ್ಕೆ ಮೂರು ಸಾಲಿನ ಸ್ಕ್ರಿಪ್ಟ್ ಸಾಕು.

ನೋಟ್‌ಪ್ಯಾಡ್ ತೆರೆಯಿರಿ. ಪ್ರತಿ ಫೋಲ್ಡರಿಗೂ ಒಂದು ಸಾಲು. ಮೊದಲು ‘ಡೆಲ್’ ಎಂಬ ಆಜ್ಞೆ. ನಂತರ ಡ್ರೈವ್ ಅಕ್ಷರದಿಂದ ಶುರುವಾಗುವ ಫೋಲ್ಡರಿನ ಪೂರ್ಣ ವಿಳಾಸ. ಕೊನೆಗೆ ನಕ್ಷತ್ರ ಚಿಹ್ನೆ, ಚುಕ್ಕಿ, ಟಿಎಂಪಿ. ನಕ್ಷತ್ರವೆಂದರೆ ‘ಹೆಸರು ಏನೇ ಇರಲಿ’ ಎಂದರ್ಥ. ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸಿ, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ‘ಬ್ಯಾಟ್’ ಎಂದು ಕೊಡಿ. ಇಲ್ಲವಾದರೆ ಅದು ಬರೀ ಪಠ್ಯ ಕಡತವಾಗಿಯೇ ಉಳಿಯುತ್ತದೆ.

ಆದರೆ ‘ಡೆಲ್’ ಅಳಿಸಿದ ಕಡತ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಆದ್ದರಿಂದ ನಾಲ್ಕು ಮಾತು ನೆನಪಿಡಿ.

ಒಂದು, ಮೊದಲ ಸಲ ‘ಡೆಲ್’ ಇರುವ ಕಡೆಯೆಲ್ಲ ‘ಡಿರ್’ ಎಂದು ಬರೆದು, ಕೊನೆಯ ಸಾಲಿನಲ್ಲಿ ‘ಪಾಸ್’ ಎಂಬ ಆಜ್ಞೆ ಹಾಕಿ ನಡೆಸಿ. ಏನೂ ಅಳಿಯುವುದಿಲ್ಲ, ಕಡತಗಳ ಪಟ್ಟಿ ತೆರೆಯ ಮೇಲೆ ನಿಲ್ಲುತ್ತದೆ. ಓದಿ, ಎಣಿಸಿ, ಆಮೇಲೆ ಬದಲಿಸಿ.

ಎರಡು, ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ವಿಳಾಸವನ್ನೆಲ್ಲ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲದಿದ್ದರೆ ಕಂಪ್ಯೂಟರ್ ಅದನ್ನು ಎರಡು ಹೆಸರೆಂದು ತಿಳಿಯುತ್ತದೆ.

ಮೂರು, ‘ಸಿಡಿ’ ಆಜ್ಞೆಯಿಂದ ಫೋಲ್ಡರಿನೊಳಗೆ ಹೋಗಿ ಅಳಿಸುವ ಕ್ರಮ ಬೇಡ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಒಳಗೆ ಹೋಗಲಾಗುವುದಿಲ್ಲ. ಆದರೂ ಸ್ಕ್ರಿಪ್ಟ್ ನಿಲ್ಲದೆ ಮುಂದಿನ ಸಾಲಿಗೆ ಹೋಗಿ, ತಾನು ನಿಂತಿರುವ ಫೋಲ್ಡರಿನಲ್ಲೇ ಅಳಿಸಿಬಿಡುತ್ತದೆ.

ನಾಲ್ಕು, ‘ಡೆಲ್’ ಮುಂದೆ ಓರೆಗೆರೆ ಎಳೆದು ‘ಪಿ’ ಬರೆದರೆ ಪ್ರತಿ ಕಡತಕ್ಕೂ ಒಪ್ಪಿಗೆ ಕೇಳುತ್ತದೆ. ‘ಎಸ್’ ಬರೆದರೆ ಒಳಗಿನ ಎಲ್ಲ ಫೋಲ್ಡರ್‌ಗಳಿಗೂ ಕೈ ಹಾಕುತ್ತದೆ. ಕಲಿಯುವವರಿಗೆ ‘ಪಿ’ ಇರಲಿ, ‘ಎಸ್’ ಸದ್ಯಕ್ಕೆ ದೂರವಿರಲಿ.

ವಿದ್ಯಾರ್ಥಿಗಳೇ, ಆ ಫೋಲ್ಡರ್‌ಗಳಲ್ಲಿ ಯಾರೋ ವಾರಗಟ್ಟಲೆ ಕೂತು ಉರ್ದುವಿನಲ್ಲಿ ಟೈಪ್ ಮಾಡಿದ ಪ್ರಬಂಧವಿರಬಹುದು, ಅಂಕಪಟ್ಟಿಯಿರಬಹುದು. ಅವು ನಮ್ಮ ಕೈಗೆ ಬಂದ ಅಮಾನತ್. ಕಂಪ್ಯೂಟರಿಗೆ ಬೇಕಾದ್ದು, ಬೇಡವಾದ್ದು ಎಂಬ ಭೇದ ತಿಳಿಯದು. ಬರೆದದ್ದನ್ನು ಮಾಡುತ್ತದೆ, ಅಷ್ಟೆ. ಭೇದ ತಿಳಿಯಬೇಕಾದವರು ಬರೆಯುವ ನಾವು. ಕಡತದ ಒಡೆಯರನ್ನು ಕೇಳಿ, ಒಂದು ಪ್ರತಿ ಬೇರೆಡೆ ಇಟ್ಟು, ಆಮೇಲೆ ಆಜ್ಞೆ ಕೊಡಿ. ಇಲ್ಮ್ ಜೊತೆಗೆ ಹೊಣೆಯೂ ಬೆಳೆಯಲಿ.