ಮನಸ್ಸಿನ ಕಾರ್ಯಾಂಗ

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗಡಿ, ನದಿ, ಭಾಷೆ, ಉದ್ಯೋಗಗಳ ಪ್ರಶ್ನೆಗಳನ್ನು ಚರ್ಚಿಸುತ್ತ ಬಂದಿರುವ ಈ ವೇದಿಕೆಯಲ್ಲಿ ಮಕ್ಕಳ ಮನೋವಿಕಾಸದ ವಿಚಾರಕ್ಕೇನು ಸ್ಥಾನ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಸ್ಥಾನವಿದೆ ಎಂಬುದೇ ನನ್ನ ನಿವೇದನೆ. ಈ ವಿಚಾರವು ಕೊನೆಗೆ ನಮ್ಮ ಮನೆಗಳಲ್ಲಿ ಕನ್ನಡ ಉಳಿಯುವ ಪ್ರಶ್ನೆಯನ್ನೂ, ಪ್ರಭುತ್ವವು ಯಾರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆಯನ್ನೂ ಬಂದು ಮುಟ್ಟುತ್ತದೆ. ನಾನು ವೈದ್ಯನಲ್ಲ. ಆಡಳಿತದಲ್ಲಿ ಆಯುಷ್ಯ ಕಳೆದವನು, ಆಸಕ್ತಿಯಿಂದ ಓದಿದವನು. ಆ ಮಿತಿಯೊಳಗೆ ಮಾತನಾಡುತ್ತೇನೆ.

ಇಂಗ್ಲಿಷಿನಲ್ಲಿ ‘ಎಕ್ಸಿಕ್ಯುಟಿವ್ ಫಂಕ್ಷನ್’ ಎಂದು ಕರೆಯುವುದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಅಂಗಗಳ ಪರಿಚಯವಿದೆ. ಅದೇ ಮಾತನ್ನು ಎರವಲು ಪಡೆದು ‘ಮನಸ್ಸಿನ ಕಾರ್ಯಾಂಗ’ ಎನ್ನೋಣ. ಒಳ್ಳೆಯ ಕಾನೂನು ಅಂಗೀಕಾರವಾಗಿ, ರಾಜಪತ್ರದಲ್ಲಿ ಪ್ರಕಟವಾಗಿಯೂ ತಾಲ್ಲೂಕಿನವರೆಗೆ ತಲುಪದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಕೊರತೆಯಿರುವುದು ಕಾನೂನಿನಲ್ಲಲ್ಲ, ಅನುಷ್ಠಾನದಲ್ಲಿ. ಮನುಷ್ಯನ ಮನಸ್ಸಿನಲ್ಲಿಯೂ ತಿಳಿವಳಿಕೆ ಬೇರೆ, ತಿಳಿದದ್ದನ್ನು ತಕ್ಕ ಹೊತ್ತಿನಲ್ಲಿ, ತಕ್ಕ ಕ್ರಮದಲ್ಲಿ ನಡೆಸುವ ಶಕ್ತಿ ಬೇರೆ. ಈ ಎರಡನೆಯದೇ ಕಾರ್ಯಾಂಗ.

ಈ ಭೇದವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವನು ಒಬ್ಬ ರೈಲ್ವೆ ಮೇಸ್ತ್ರಿ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆಯೊಂದು ಫಿನಿಯಾಸ್ ಗೇಜ್ ಎಂಬವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆತ ಬದುಕಿದ; ಮಾತು, ನೆನಪು ಉಳಿದವು. ಆದರೆ ಯೋಜನೆಗಳನ್ನು ಹೂಡುವುದು, ಹೂಡಿದ ಕೂಡಲೇ ಕೈಬಿಡುವುದು ಅವನ ಸ್ವಭಾವವಾಯಿತೆಂದು ವೈದ್ಯ ಹಾರ್ಲೋ ದಾಖಲಿಸಿದ. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಭಾಗವೇ ನಮಗೆ ಮುಖ್ಯ: ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿಯ ಚಾಲಕನಾಗಿ ದುಡಿದ. ನಿಗದಿಯಾದ ಹೊತ್ತು, ನಿಗದಿಯಾದ ದಾರಿ, ದಿನವೂ ಅದೇ ಕ್ರಮ. ಒಳಗೆ ಕುಸಿದ ವ್ಯವಸ್ಥೆಗೆ ಹೊರಗಿನ ವ್ಯವಸ್ಥೆ ಊರುಗೋಲಾಗಿರಬೇಕೆಂದು ಇತ್ತೀಚಿನ ವಿದ್ವಾಂಸರು ಊಹಿಸುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ರಷ್ಯದ ಲೂರಿಯಾ ಮಿದುಳಿನ ಮುಂಭಾಗವು ನಡವಳಿಕೆಯನ್ನು ಯೋಜಿಸುವ, ನಿಯಂತ್ರಿಸುವ ಭಾಗವೆಂದು ವಿವರಿಸಿದರು. 2000ದಲ್ಲಿ ಮಿಯಾಕೆ ಮತ್ತು ಸಂಗಡಿಗರು ಈ ಶಕ್ತಿಯಲ್ಲಿ ಮೂರು ಎಳೆಗಳನ್ನು ಗುರುತಿಸಿದರು. ಮೊದಲನೆಯದು ತಡೆ: ಒತ್ತಿ ಬರುವ ಪ್ರತಿಕ್ರಿಯೆಯನ್ನು ಹಿಡಿದು ನಿಲ್ಲಿಸುವುದು. ‘ಕೆಂಪು’ ಎಂಬ ಶಬ್ದವನ್ನು ನೀಲಿ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳಿರೆಂದರೆ ನಾವು ತಡವರಿಸುತ್ತೇವಲ್ಲ, ಅಲ್ಲಿ ದುಡಿಯುವುದು ಈ ತಡೆಯೇ. ಎರಡನೆಯದು ನೆನಪಿನ ನವೀಕರಣ: ಮಾಡುತ್ತಿರುವ ಕೆಲಸದ ವಿವರಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟು ತಿದ್ದುತ್ತ ಹೋಗುವುದು. ಮೂರನೆಯದು ಪಲ್ಲಟ: ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವುದು.

ಇನ್ನು ಎಡಿಎಚ್‌ಡಿ ಮತ್ತು ಆಟಿಸಂ ಎಂಬ ಎರಡು ಸ್ಥಿತಿಗಳನ್ನು ನೋಡೋಣ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿಯಾದ ಎಡಿಎಚ್‌ಡಿಯ ಮೂಲದಲ್ಲಿ ತಡೆಯ ಶಕ್ತಿಯ ದೌರ್ಬಲ್ಯವಿದೆ ಎಂದು 1997ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಾರ್ಕ್ಲಿ ವಾದಿಸಿದರು. ಇತ್ತ ಆಟಿಸಂ, ಅಂದರೆ ಸ್ವಲೀನತೆ. 1943ರಲ್ಲಿ ಲಿಯೊ ಕ್ಯಾನರ್ ವರ್ಣಿಸಿದ 11 ಮಕ್ಕಳಲ್ಲಿ ಎದ್ದು ಕಂಡ ಲಕ್ಷಣಗಳಲ್ಲೊಂದು, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಟ. ಹೀಗಾಗಿ ಎಡಿಎಚ್‌ಡಿಯಲ್ಲಿ ತಡೆ ದುರ್ಬಲ, ಆಟಿಸಂನಲ್ಲಿ ಪಲ್ಲಟ ದುರ್ಬಲ ಎಂಬ ಅಚ್ಚುಕಟ್ಟಾದ ವಿಂಗಡಣೆ ಕೆಲಕಾಲ ಪ್ರಚಾರದಲ್ಲಿತ್ತು.

ವಸ್ತುಸ್ಥಿತಿ ಅಷ್ಟು ಅಚ್ಚುಕಟ್ಟಾಗಿಲ್ಲ. 2005ರಲ್ಲಿ ವಿಲ್ಕಟ್ ಮತ್ತು ಸಂಗಡಿಗರು 83 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಡಿಎಚ್‌ಡಿಯ ಮಕ್ಕಳ ಗುಂಪು ಸರಾಸರಿಯಲ್ಲಿ ಹಿಂದೆ ಬಿದ್ದದ್ದು ನಿಜವಾದರೂ, ಯಾವುದೇ ಒಂದು ಪರೀಕ್ಷೆಯಲ್ಲಿ ಗಣನೀಯ ಕೊರತೆ ತೋರಿದವರು ಅರ್ಧಕ್ಕಿಂತ ಕಡಿಮೆ. 2018ರಲ್ಲಿ ಪ್ರಕಟವಾದ, ಆಟಿಸಂ ಕುರಿತ 235 ಅಧ್ಯಯನಗಳ ವಿಶ್ಲೇಷಣೆಯು ಕೊರತೆ ಪಲ್ಲಟವೊಂದಕ್ಕೇ ಸೀಮಿತವಲ್ಲ, ಎಲ್ಲ ಎಳೆಗಳಲ್ಲಿಯೂ ಹರಡಿಕೊಂಡಿದೆ ಎಂದು ಕಂಡಿತು. ಜೊತೆಗೆ ಎರಡೂ ಸ್ಥಿತಿಗಳು ಒಂದೇ ಮಗುವಿನಲ್ಲಿ ಇರುವುದೂ ಸಾಮಾನ್ಯ. 1994ರ ಅಮೆರಿಕನ್ ಕೈಪಿಡಿಯ ಪ್ರಕಾರ ಎರಡನ್ನೂ ಒಟ್ಟಿಗೆ ನಿದಾನ ಮಾಡುವಂತಿರಲಿಲ್ಲ; 2013ರ ಆವೃತ್ತಿ ಆ ನಿರ್ಬಂಧವನ್ನು ತೆಗೆದುಹಾಕಿತು. ಕಾರ್ಯಾಂಗದ ದೌರ್ಬಲ್ಯ ಈ ಎರಡು ಸ್ಥಿತಿಗಳು ಕೂಡುವ ಬಯಲು. ಅದೊಂದೇ ಇವುಗಳ ಕಾರಣವೂ ಅಲ್ಲ, ನಿದಾನದ ಒರೆಗಲ್ಲೂ ಅಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪರೀಕ್ಷೆಯ ಕೋಣೆಯಲ್ಲಿ ಚೆನ್ನಾಗಿ ಉತ್ತರಿಸಿದ ಮಗು ಶಾಲೆಗೆ ಹೊರಡುವ ಬೆಳಗಿನ ಗಡಿಬಿಡಿಯಲ್ಲಿ ಕಂಗಾಲಾಗುವುದುಂಟು. ಕೋಣೆ ನಿಶ್ಶಬ್ದ, ಎದುರಿಗೆ ಕುಳಿತ ಪರೀಕ್ಷಕರು ‘ಈಗ ಇದು, ಮುಂದೆ ಅದು’ ಎಂದು ಹೇಳುತ್ತಿರುತ್ತಾರೆ. ಅಂದರೆ ಆ ಅರ್ಧ ಗಂಟೆ ಪರೀಕ್ಷಕರೇ ಮಗುವಿನ ಕಾರ್ಯಾಂಗ. ಹೊರಬಂದೊಡನೆ ಆ ಆಸರೆ ಕಳಚುತ್ತದೆ. ಅಂಥ ಮಗುವನ್ನು ‘ಬುದ್ಧಿಯಿದೆ, ಸೋಮಾರಿ’ ಎನ್ನುವುದು ನಮ್ಮ ರೂಢಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನೆಚ್ಚಿ ಬೆತ್ತ ಹಿಡಿದವರೂ ಉಂಟು. ಬಗ್ಗಿಸುವುದು ಇಲ್ಲಿ ಪರಿಹಾರವಲ್ಲ; ಬಳ್ಳಿಗೆ ಚಪ್ಪರ ಕಟ್ಟುವಂತೆ ಆಸರೆ ಕಟ್ಟಬೇಕು. ಗೋಡೆಯ ಮೇಲಿನ ಚಿತ್ರಪಟ್ಟಿ, ಒಂದು ಸಲಕ್ಕೆ ಒಂದೇ ಸೂಚನೆ, ಬದಲಾವಣೆಯ ಮುನ್ನೆಚ್ಚರಿಕೆ, ಕಣ್ಣಿಗೆ ಕಾಣುವ ಗಡಿಯಾರ, ಇವೇ ಆ ಚಪ್ಪರದ ಗೂಟಗಳು.

ಊರಿನ ಕೂಡುಕುಟುಂಬದಲ್ಲಿ ಅಜ್ಜಿ, ದೊಡ್ಡಪ್ಪ, ಅತ್ತೆಯರ ಮಾತುಗಳು ಈ ಆಸರೆಯನ್ನು ಅರಿವಿಲ್ಲದೆಯೇ ಒದಗಿಸುತ್ತಿದ್ದವು. ‘ಏಳು ಮಗು, ಚೀಲ ಎತ್ತಿಕೊ, ಚಪ್ಪಲಿ ಇಲ್ಲಿದೆ’ ಎಂಬ ಆ ಸರಣಿ ಹೊರಗಿನ ಕಾರ್ಯಾಂಗವೇ ಆಗಿತ್ತು. ಹೊರನಾಡಿಗೆ ಬಂದ ನಮ್ಮಂಥವರ ಎರಡು ಕೋಣೆಯ ಮನೆಗಳಲ್ಲಿ ಆ ಹೊರೆಯೆಲ್ಲ ತಾಯಿಯೊಬ್ಬಳ ಮೇಲೆ ಬೀಳುತ್ತದೆ.

ಇಲ್ಲಿಯೇ ಭಾಷೆಯ ಪ್ರಶ್ನೆ ಏಳುತ್ತದೆ. ಮಗು ಮಾತಿಗೆ ತಡಮಾಡಿದರೆ ‘ಮನೆಯಲ್ಲಿ ಕನ್ನಡ ಬಿಡಿ, ಹಿಂದಿಯನ್ನೋ ಇಂಗ್ಲಿಷನ್ನೋ ಒಂದನ್ನೇ ಆಡಿ’ ಎಂಬ ಸಲಹೆ ಹೊರನಾಡ ಕನ್ನಡಿಗರಿಗೆ ಸುಲಭವಾಗಿ ಸಿಗುತ್ತದೆ. ಸದುದ್ದೇಶದ ಸಲಹೆಯೇ, ಆದರೆ ಸಾಕ್ಷ್ಯ ಅದರ ಪರವಾಗಿಲ್ಲ. ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳಿಗೆ ಒಂದೇ ಭಾಷೆಯವರಿಗಿಂತ ಹೆಚ್ಚಿನ ಭಾಷಾವಿಳಂಬವಿಲ್ಲವೆಂದು ಹ್ಯಾಂಬ್ಲಿ ಮತ್ತು ಫೊಂಬೋನ್ 2012ರಲ್ಲಿ ವರದಿ ಮಾಡಿದರು. ಕೆನಡಾದ ಗೊನ್ಸಾಲೆಸ್-ಬರೇರೊ ಮತ್ತು ನಾಡಿಗ್ ಅವರು 6ರಿಂದ 9 ವರ್ಷದ 40 ಮಕ್ಕಳನ್ನು ಪರೀಕ್ಷಿಸಿದಾಗ, ಆಟಿಸಂ ಇರುವ ದ್ವಿಭಾಷಿಕ ಮಕ್ಕಳು ಪಲ್ಲಟದ ಪರೀಕ್ಷೆಯಲ್ಲಿ ಏಕಭಾಷಿಕರಿಗಿಂತ ಮುಂದಿದ್ದರು; ಆದರೆ ತಂದೆತಾಯಿಗಳು ವರದಿ ಮಾಡಿದ ದಿನನಿತ್ಯದ ಬದುಕಿನಲ್ಲಿ ಆ ಮೇಲುಗೈ ಕಾಣಲಿಲ್ಲ. ಆದುದರಿಂದ ಕನ್ನಡ ಕಲಿತರೆ ಆಟಿಸಂ ಹಗುರಾಗುತ್ತದೆ ಎಂದು ನಾವು ಡಂಗುರ ಸಾರಬೇಕಾಗಿಲ್ಲ. ಕನ್ನಡದಿಂದ ಕೇಡಿಲ್ಲ ಎಂಬಷ್ಟು ಸತ್ಯವೇ ಸಾಕು.

ವೈಗಾಟ್‌ಸ್ಕಿಯ ಚಿಂತನೆಯನ್ನು ಒಪ್ಪುವುದಾದರೆ, ಹಿರಿಯರು ಮಗುವಿಗೆ ಆಡಿದ ಮಾತೇ ಕ್ರಮೇಣ ಮಗು ತನಗೆ ತಾನೇ ಹೇಳಿಕೊಳ್ಳುವ ಒಳಮಾತಾಗಿ, ನಡವಳಿಕೆಯನ್ನು ಆಳುತ್ತದೆ. ತಾಯಿ ತನಗೆ ಒಗ್ಗದ ಭಾಷೆಯಲ್ಲಿ ಹತ್ತು ಶಬ್ದಗಳಿಗೆ ಕುಗ್ಗಿದರೆ ಮಗುವಿಗೆ ದಕ್ಕುವ ಒಳಮಾತೂ ಬಡವಾಗದೇ? ಊರಿನ ಅಜ್ಜಿಯೊಂದಿಗೆ ಫೋನಿನಲ್ಲಿ ಎರಡು ಮಾತಾಡುವ ದಾರಿಯೂ ಮುಚ್ಚುತ್ತದೆ. ಮಾತು ಕಷ್ಟವಾದ ಮಗುವಿನ ಕೈಯಿಂದ ಮನೆಯ ಮಾತನ್ನು ಕಸಿಯುವುದು ನ್ಯಾಯವಲ್ಲ.

ಕೊನೆಯದಾಗಿ ಪ್ರಭುತ್ವದ ಕಾರ್ಯಾಂಗ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ ಸೇರಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ವೈಕಲ್ಯವಿದೆ. ಎಡಿಎಚ್‌ಡಿಗೆ ಪ್ರತ್ಯೇಕ ಸ್ಥಾನವಿಲ್ಲ. ವಿಜ್ಞಾನ ಎರಡರ ನಡುವಿನ ಗೋಡೆಯನ್ನು ತಗ್ಗಿಸುತ್ತಿರುವಾಗ ಪಟ್ಟಿಯ ಗೋಡೆ ಹಾಗೆಯೇ ನಿಂತಿದೆ. ನಮ್ಮಲ್ಲಿರುವ ಕೇಂದ್ರ ನೌಕರರು ಇನ್ನೊಂದನ್ನು ಗಮನಿಸಬೇಕು: ಅಂಗವಿಕಲ ಮಗುವಿನ ಪಾಲನೆ ಮಾಡುವ ನೌಕರನಿಗೆ ಆಡಳಿತದ ಅನಿವಾರ್ಯತೆಗಳಿಗೆ ಒಳಪಟ್ಟು ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ನೀಡುವ ಆದೇಶ 2014ರಲ್ಲಿ ಹೊರಟಿತು, 2018ರಲ್ಲಿ ಹೊಸ ಕಾಯಿದೆಗೆ ಹೊಂದುವಂತೆ ಅದು ವಿಸ್ತಾರವಾಯಿತು. ಬದಲಾವಣೆಯೇ ಸಂಕಟವಾದ ಮಗುವಿಗೆ ಇದು ದೊಡ್ಡ ಆಸರೆ. ಎಡಿಎಚ್‌ಡಿ ಮಾತ್ರ ಇರುವ ಮಗುವಿನ ತಂದೆಗೆ ಈ ಬಾಗಿಲು ತೆರೆಯುವುದಿಲ್ಲ. ಪ್ರತಿ ವರ್ಗಾವಣೆಗೂ ಶಾಲೆ, ದಾರಿ, ಭಾಷೆ ಬದಲಾದಾಗ ಕಟ್ಟಿದ ಚಪ್ಪರವನ್ನೆಲ್ಲ ಕಿತ್ತು ಮತ್ತೆ ಕಟ್ಟಬೇಕಾಗುತ್ತದೆ. ಪ್ರಮಾಣಪತ್ರ ಪಡೆಯುವ ದಾರಿಯೂ ಸರಳವಲ್ಲ. ಅರ್ಜಿ, ಲಗತ್ತು, ಗಡುವು, ಮರುಭೇಟಿಗಳ ಆ ಸರಣಿ ಬೇಡುವುದು ಈ ಜನರಿಗೆ ಕೊರತೆಯಿರುವ ಶಕ್ತಿಯನ್ನೇ.

ಆದ್ದರಿಂದ ಸಂಘದ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇನೆ. ಎಡಿಎಚ್‌ಡಿಯನ್ನು ಕಾಯಿದೆಯ ಪಟ್ಟಿಗೆ ಸೇರಿಸುವಂತೆ ಕೇಂದ್ರ ಸರ್ಕಾರಕ್ಕೆ ಮನವಿ ಸಲ್ಲಿಸೋಣ. ಅರ್ಜಿ ತುಂಬಲು ನೆರವಾಗುವ ಇಬ್ಬರು ಸ್ವಯಂಸೇವಕರನ್ನು ಪ್ರತಿ ಭಾನುವಾರ ಕೂರಿಸೋಣ. ನಿವೃತ್ತ ನೌಕರರಿಗೆ ಇಲ್ಲಿ ಬರವಿಲ್ಲ. ಮುಂದಿನ ರಾಜ್ಯೋತ್ಸವಕ್ಕೆ ಕಾರ್ಯಕ್ರಮದ ಕ್ರಮವನ್ನು ವಾರ ಮುಂಚೆ ಅಚ್ಚು ಹಾಕಿಸಿ ಹಂಚಿ, ಹೇಳಿದ ಹೊತ್ತಿಗೆ ಆರಂಭಿಸಿ, ಧ್ವನಿವರ್ಧಕದಿಂದ ದೂರದಲ್ಲಿ ಒಂದು ಕೋಣೆಯನ್ನು ಇಂಥ ಮಕ್ಕಳಿಗಾಗಿ ತೆರೆದಿಡೋಣ. ಹೇಳಿದ ಹೊತ್ತಿಗೆ ಆರಂಭಿಸುವುದು ನಮ್ಮ ಸಂಘಕ್ಕೆ ಎಷ್ಟು ಕಠಿಣವೆಂದು ಬಲ್ಲೆ. ಇಲ್ಲಿಯವರೆಗೆ ಮನೆಯಲ್ಲೇ ಉಳಿದ ಕೆಲವು ಕುಟುಂಬಗಳಾದರೂ ಅದರಿಂದ ಬರುವಂತಾದರೆ ಆ ಕಷ್ಟ ಸಾರ್ಥಕ.