ಸೌದೆ ಒಲೆಗೆ ಯಾರ ಅಪ್ಪಣೆ ಬೇಕು?

(ಕುಂದಾಪುರದ ಕೋಡಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮನೆಗೆ ಗ್ಯಾಸ್ ಬಂದರೂ ಬಚ್ಚಲ ಹಂಡೆಗೆ, ಕುಚ್ಚಲಕ್ಕಿ ಗಂಜಿಗೆ, ದನಕ್ಕೆ ಬೇಯಿಸುವ ಹುರುಳಿಗೆ ಸೌದೆ ಒಲೆ ಉಳಿದೇ ಇದೆ. ಅದರ ಹೊಗೆ ಕುಡಿಯುವವರು ಹೆಂಗಸರು. ಹಾಲು ಕರೆಯುವವರೂ ಹೆಚ್ಚಾಗಿ ಅವರೇ. ಒಲೆಯ ಬಳಿ ತೆರೆದಿಟ್ಟ ಹಾಲು ಹೊಗೆಯ ವಾಸನೆ ಹಿಡಿಯುತ್ತದೆ ಎಂಬುದೂ ನಿಮಗೆ ಗೊತ್ತು.

ಹೊಗೆಕೊಳವೆಯ ಅಸ್ತ್ರ ಒಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡದ್ದು. ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಕೆಳಗಿನಿಂದ ಗಾಳಿ ಸಿಗುತ್ತದೆ, ಒಂದೇ ಉರಿಗೆ ಎರಡು ಮೂರು ಪಾತ್ರೆ ಕಾಯುತ್ತವೆ. ಸೌದೆಯೂ ಉಳಿಯುತ್ತದೆ. ಕೇಂದ್ರ ಸರಕಾರದ ಸುಧಾರಿತ ಒಲೆ ಯೋಜನೆ 2002ರಲ್ಲೇ ನಿಂತಿತು. ಆ ಸಹಾಯಧನಕ್ಕೆ ಇನ್ನು ಕಾಯಬೇಡಿ.

ಈಗ ಅಪ್ಪಣೆಯ ಮಾತು. ಇದ್ದ ಅಡುಗೆಮನೆಯಲ್ಲಿ ಮನೆಬಳಕೆಗೆ ಒಲೆ ಹಾಕಲು ಪರವಾನಗಿ ಎಂಬುದಿಲ್ಲ. ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ! ಆದರೆ ಒಲೆಗೆಂದು ಹೊಸ ಕೋಣೆ ಕಟ್ಟುವುದಾದರೆ ಪುರಸಭೆಯಲ್ಲಿ ಮೊದಲೇ ವಿಚಾರಿಸಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಊರು ನಮ್ಮದು; 1991ರಲ್ಲಿ ಮೊದಲು ಬಂದು ಆಮೇಲೆ ತಿದ್ದುಪಡಿಯಾದ ಕರಾವಳಿ ನಿಯಂತ್ರಣ ವಲಯದ ನಿಯಮವೂ ಇಲ್ಲಿಗೆ ತಾಗುತ್ತದೆ. ಗೋಡೆ ಎದ್ದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ನಿಜವಾದ ತೊಡಕು ಸೌದೆಯದು. ನಿಮ್ಮದೇ ಹಿತ್ತಲಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ಗಾಳಿಮರ, ಗೊಬ್ಬರದ ಗಿಡ ಗ್ಲಿರಿಸಿಡಿಯಾ ಮೊದಲಾದವಕ್ಕೆ ವಿನಾಯಿತಿ ಇದೆ. ಹೊನ್ನೆ, ಮತ್ತಿಯಂಥ ಮರಕ್ಕೆ ಇಲ್ಲ. ಸರಕಾರಿ ಜಾಗದ ಗಾಳಿಮರ ವಿನಾಯಿತಿಯೊಳಗೆ ಬಂತು ಎಂದು ತಿಳಿಯಬೇಡಿ. ಹೊಳೆಬದಿಯ ಕಾಂಡ್ಲಕ್ಕಂತೂ ಕತ್ತಿ ಹಾಕಲೇ ಬಾರದು. ನೆರೆ ಬಂದಾಗ ದಂಡೆ ಹಿಡಿದಿಡುವುದು ಅದೇ. ನಮಗೆ ಮಡಲು, ಕೊತ್ತಳಿಗೆ, ತೆಂಗಿನ ಚಿಪ್ಪು ಸಾಲದೇ?

ಕೊಳವೆಯ ಬಾಯಿ ಮಾಡಿನ ಕೋಳಿಗಿಂತ ಮೇಲಿರಲಿ. ಇಲ್ಲವಾದರೆ ಮಳೆಗಾಲದ ಕಡಲಗಾಳಿ ಹೊಗೆಯನ್ನೆಲ್ಲ ಒಳಗೇ ನೂಕುತ್ತದೆ. ಬಾಯಿಗೆ ತಗಡಿನ ಟೊಪ್ಪಿಯೂ ಬೇಕು. ಹುಲ್ಲುಕುತ್ರೆಯ ಕಡೆಗೋ ಮಡಲು ಹೊದೆಸಿದ ಹಟ್ಟಿಯ ಕಡೆಗೋ ಕೊಳವೆ ತಿರುಗಿಸಬೇಡಿ. ಒಂದು ಕಿಡಿ ಬಿದ್ದರೆ ಕಟ್ಟಿದ ದನ ಓಡಲಾರದು. ಕೊಳವೆಯೊಳಗಿನ ಮಸಿಯೂ ಹೊತ್ತಿಕೊಳ್ಳುತ್ತದೆ; ತಿಂಗಳಿಗೊಮ್ಮೆ, ಒಲೆ ಪೂರ್ತಿ ತಣಿದ ಮೇಲೆ, ಗಳುವಿಗೆ ಗೋಣಿ ಕಟ್ಟಿ ತೆಗೆಯಿರಿ. ಈ ಕೆಲಸವನ್ನಾದರೂ ಗಂಡಸರು ಮಾಡಲಿ.