ಮಾಂಜ್ರಾ ದಂಡೆಯ ಹಳ್ಳಿಗಳ ನಾಳೆ

(ಹೊಳೆದಂಡೆಯ ಊರುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಮಾಂಜ್ರಾ ಹೊಳೆಯ ದಂಡೆಗುಂಟ ಬಾಳುವ ತಮಗೆ ಹೊಳೆಯ ಗುಣವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ದಂಡೆಯ ಮೆಕ್ಕಲು ಮಣ್ಣು ಕೊಟ್ಟುದೂ ಅದೇ, ಬೆಳೆದುದನ್ನು ಒಂದೇ ರಾತ್ರಿಯಲ್ಲಿ ಒಯ್ದುದೂ ಅದೇ. 2025ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಹೊಳೆ ತುಂಬಿ ಬಂದಾಗ ಹೆಸರು, ಉದ್ದು, ಸೋಯಾ, ತೊಗರಿಯ ಹೊಲಗಳು ನೀರಿನಲ್ಲಿ ನಿಂತುದನ್ನು ತಾವು ಕಂಡಿದ್ದೀರಿ. ಊರು ದೂರ, ದಾರಿ ಕೆಟ್ಟದ್ದು, ಹೊಳೆ ಹತ್ತಿರ. ಇಂಥ ಊರಿಗೆ ಏಳಿಗೆಯುಂಟೇ ಎಂದು ಅನೇಕರು ಕೇಳುತ್ತಾರೆ. ಉಂಟು ಎಂಬುದು ನನ್ನ ನಂಬಿಕೆ. ಆದರೆ ಹೊಳೆ ಬರುವ ಮೊದಲೇ ಊರು ಕೂಡಿ ಕೆಲವು ಕೆಲಸ ಮಾಡಿಟ್ಟಿರಬೇಕು. ಆ ಕೆಲಸಗಳ ವಿಷಯವಾಗಿಯೇ ನನ್ನ ಈ ಮಾತು.

ಮೊದಲು ನೀರು ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ಮಾಂಜ್ರಾ ಹುಟ್ಟುವುದು ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ. ಅಲ್ಲಿ ಧನೇಗಾಂವದ ಹತ್ತಿರ ಅದಕ್ಕೆ ದೊಡ್ಡ ಅಣೆಕಟ್ಟು ಕಟ್ಟಿದ್ದಾರೆ. ಲಾತೂರು ಜಿಲ್ಲೆಯನ್ನು ದಾಟಿ ಅದು ನಮ್ಮ ಸೀಮೆಗೆ ಬರುತ್ತದೆ. ನಮ್ಮಿಂದ ಮುಂದೆ ತೆಲಂಗಾಣದ ಸಿಂಗೂರು, ನಿಜಾಮ್ ಸಾಗರಗಳನ್ನು ತುಂಬಿ ಗೋದಾವರಿಯನ್ನು ಸೇರುತ್ತದೆ. ಆದುದರಿಂದ ನಮ್ಮ ಊರಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರೆ ನೀರು ನಮ್ಮ ಕಡೆಗೆ ಹೊರಟಿತೆಂದೇ ತಿಳಿಯಬೇಕು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯದಿಂದ ನೀರು ಬಿಟ್ಟಾಗಲೂ ಕೆಳಗಿನ ಊರುಗಳವರು ಹಾಗೆಯೇ ಎಚ್ಚರದಿಂದಿರಬೇಕು. ಪ್ರತಿ ಊರಿನಲ್ಲಿ ಇಬ್ಬರು ತರುಣರು ಮಳೆಗಾಲವಿಡೀ ತಹಶೀಲ್ದಾರರ ಕಚೇರಿಯೊಡನೆ ಫೋನಿನ ಸಂಪರ್ಕವಿಟ್ಟುಕೊಳ್ಳಲಿ. ನೀರು ಬಿಟ್ಟ ಸುದ್ದಿ ಬಂದೊಡನೆ ಡಂಗುರ ಹೊಡೆಯಲಿ, ಗುಡಿಯ ಮತ್ತು ಮಸೀದಿಯ ಮೈಕಿನಲ್ಲಿ ಸಾರಲಿ. ಇದಕ್ಕೆ ಖರ್ಚಿಲ್ಲ, ಶಿಸ್ತು ಮಾತ್ರ ಬೇಕು.

ಇದೇ ಹೊಳೆಯ ಇನ್ನೊಂದು ಮುಖವನ್ನೂ ಮರೆಯಬಾರದು. 2016ರ ಬೇಸಿಗೆಯಲ್ಲಿ ಧನೇಗಾಂವದ ಅಣೆಕಟ್ಟು ಬತ್ತಿಹೋಗಿತ್ತು. ಅದನ್ನೇ ನಂಬಿದ್ದ ಲಾತೂರು ಪಟ್ಟಣಕ್ಕೆ ಆ ಏಪ್ರಿಲ್‌ನಲ್ಲಿ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಒಂದು ವರ್ಷ ಮುಳುಗಿಸುವ ಹೊಳೆ ಮತ್ತೊಂದು ವರ್ಷ ಕುಡಿಯಲೂ ಕೊಡುವುದಿಲ್ಲ. ಹೊಳೆ ಪಕ್ಕದಲ್ಲೇ ಇದೆಯೆಂದು ಇದ್ದ ಹೊಲವನ್ನೆಲ್ಲ ಕಬ್ಬಿಗೆ ಹಾಕುವವರು ಈ ಮಾತನ್ನು ಯೋಚಿಸಬೇಕು. ದಂಡೆಯ ಮರಳು ನೀರನ್ನು ಹಿಡಿದಿಟ್ಟು ಬಾವಿಗಳಿಗೆ ಕೊಡುತ್ತದೆ. ಆ ಮರಳನ್ನು ಮಾರಿಕೊಂಡ ಊರು ತನ್ನ ಬೇಸಿಗೆಯ ನೀರನ್ನೇ ಮಾರಿಕೊಂಡಂತೆ.

ಇನ್ನು ಹೊಲದ ಮಾತು. 2025ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಮುದುಕರಿಂದ ಮಕ್ಕಳವರೆಗೆ ಎಲ್ಲರಿಗೂ ನೆನಪಿದೆ. ಆ ನೆನಪು ಮಾಸುವ ಮೊದಲೇ ಊರವರು ಕೂಡಿ ಎರಡು ಗೆರೆ ಗುರುತಿಸಿರಿ. ಮಳೆ ಚೆನ್ನಾದ ವರ್ಷಗಳಲ್ಲೆಲ್ಲ ನೀರು ಮುಟ್ಟುವ ಜಾಗಕ್ಕೆ ಒಂದು ಗೆರೆ, 2025ರಲ್ಲಿ ಮುಟ್ಟಿದ ಎಲ್ಲಕ್ಕೂ ಮೇಲಿನ ಜಾಗಕ್ಕೆ ಇನ್ನೊಂದು. ಕಲ್ಲು ನೆಟ್ಟು ಸುಣ್ಣ ಬಳಿಯಿರಿ. ಮನೆಗೊಬ್ಬರಂತೆ ಬಂದರೆ ಒಂದು ದಿನದ ಶ್ರಮದಾನದಲ್ಲಿ ಮುಗಿಯುವ ಕೆಲಸವಿದು.

ಮೊದಲ ಗೆರೆಯ ಕೆಳಗಿನ ಹೊಲದಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೊಯ್ಯಬೇಕಾದ ಬೆಳೆಯನ್ನು ನೆಚ್ಚಬೇಡಿರಿ. ಅಲ್ಲಿ ಮುಂಗಾರಿಗೆ ದನದ ಮೇವು ಬೆಳೆಯಿರಿ. ನೀರು ಇಳಿದ ಮೇಲೆ ಆ ಹಸಿಯಲ್ಲೇ ಕಡಲೆ, ಬಿಳಿಜೋಳ, ಕುಸುಬೆ ಬಿತ್ತಿರಿ. ಮುಂಗಾರಿ ಬೆಳೆ ಬಿಡುವುದೆಂದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಬೀಜ, ಗೊಬ್ಬರ, ಔಷಧದ ಖರ್ಚೆಲ್ಲ ಮುಳುಗಿದ ಮೇಲೆ ಹಿಂಗಾರಿಗೆ ಬಿತ್ತಲು ಕೈಯಲ್ಲಿ ಕಾಸೂ ಉಳಿಯುವುದಿಲ್ಲ. ಸಾಲದ ಮೇಲೆ ಸಾಲ ಬೆಳೆಯುವುದು ಇಲ್ಲಿಂದಲೇ.

ಎರಡು ಗೆರೆಗಳ ನಡುವಿನ ಹೊಲದಲ್ಲಿ ಸೋಯಾ, ಹೆಸರು, ತೊಗರಿ ಬರಬಹುದು. ಆದರೆ ಸಪಾಟಾಗಿ ಬಿತ್ತಬೇಡಿರಿ. ಎರೆ ಹೊಲದಲ್ಲಿ ನೀರು ಬೇಗ ಇಂಗುವುದಿಲ್ಲ, ತೊಗರಿಯ ಬೇರು ನಿಂತ ನೀರನ್ನು ತಾಳುವುದಿಲ್ಲ. ಅಗಲವಾದ ಏರುಮಡಿ ಮಾಡಿ, ಮಡಿಗಳ ನಡುವೆ ಕಾಲುವೆ ಬಿಟ್ಟು ಬಿತ್ತಿದರೆ ಹೆಚ್ಚಾದ ನೀರು ಹರಿದುಹೋಗುತ್ತದೆ, ಮಳೆ ತಡೆದರೆ ಮಡಿಯ ಒಡಲಲ್ಲಿ ಹಸಿ ಉಳಿಯುತ್ತದೆ. ನಮ್ಮಿಂದ ಬಹು ದೂರವಲ್ಲದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯವರು ಎರೆ ಭೂಮಿಗಾಗಿ ಈ ಪದ್ಧತಿಯನ್ನು ಪರೀಕ್ಷಿಸಿ ಹೊಂದಿಸಿದ್ದಾರೆ. ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿರಿ. ಮೊದಲ ವರ್ಷ ಒಂದು ಎಕರೆಯಲ್ಲಿ ಮಾಡಿ ನೋಡಿ, ಕಣ್ಣಿಗೆ ಕಂಡ ಮೇಲೆ ಹೆಚ್ಚಿಸಿರಿ.

ಎರಡನೆಯ ಗೆರೆಯ ಮೇಲೆ ಬೀಜದ ಚೀಲ, ಮೇವಿನ ಬಣವೆ, ಮಳೆಗಾಲದ ದನದ ಕೊಟ್ಟಿಗೆ ಇರಲಿ. ನೀರು ಬರುವ ಸುದ್ದಿ ಬಂದೊಡನೆ ಪಂಪಿನ ಮೋಟಾರನ್ನೂ ಬಿಚ್ಚಿ ಮೇಲಕ್ಕೆ ತನ್ನಿರಿ. ಆ ಹೊತ್ತಿನಲ್ಲಿ ದನಗಳನ್ನು ಕಟ್ಟಿಹಾಕಿ ಬಿಡಬೇಡಿರಿ. ಗಳಲೆ ಬೇನೆ, ಚಪ್ಪೆ ಬೇನೆಗಳ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಿರಿ. ನೀರು ಹೊಕ್ಕ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವವರೆಗೆ ಕುದಿಸದ ನೀರನ್ನು ಮಕ್ಕಳಿಗೆ ಕೊಡಬೇಡಿರಿ. ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬೆಳೆ ವಿಮೆಯ ಮಾತನ್ನೂ ಹೇಳಲೇಬೇಕು. ಫಸಲ್ ಬೀಮಾ ಯೋಜನೆಯಲ್ಲಿ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತನ ಪಾಲು ವಿಮೆಯ ಮೊತ್ತದಲ್ಲಿ ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ನೂರಕ್ಕೆ ಒಂದೂವರೆ. ಹೊಲ ಮುಳುಗಿದರೆ 72 ಗಂಟೆಗಳೊಳಗೆ ತಿಳಿಸಬೇಕು. ಬೆಳೆ ಸಮೀಕ್ಷೆಯಲ್ಲಿ ಬರೆದ ಬೆಳೆಯೂ ವಿಮೆಗೆ ಕಟ್ಟಿದ ಬೆಳೆಯೂ ಒಂದೇ ಇರಬೇಕು. ಓದು ಬಲ್ಲ ಹುಡುಗ ಹುಡುಗಿಯರು ಊರಿನ ಎಲ್ಲರ ಕಾಗದಗಳನ್ನು ಜುಲೈ ತಿಂಗಳಲ್ಲೇ ನೋಡಿ ಸರಿಪಡಿಸಿದರೆ ಅದೊಂದು ದೊಡ್ಡ ಸೇವೆ.

ತಗ್ಗಿನಲ್ಲಿ ಮಾತ್ರ ಹೊಲವಿದ್ದವನು ಏನು ಮಾಡಬೇಕು? ಪಾಲಿಗೆ ಮಾಡುವವನು? ಅವರಿಗೆ ದನವೇ ಆಸರೆ. ದೇವಣಿ ತಳಿಯ ಆಕಳು ನಮ್ಮ ಗಡಿ ಸೀಮೆಯದೇ. ಹಾಲಿಗೂ ಉಂಟು, ಹೋರಿ ದುಡಿಮೆಗೂ ಉಂಟು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ಮಹಿಳೆಯರ ಸ್ವಸಹಾಯ ಸಂಘಗಳಿಗೆ ನಮ್ಮ ಜಿಲ್ಲೆ ಹೆಸರಾದದ್ದು. ಸಂಘದಿಂದ ಸಾಲ ಪಡೆದು, ತಗ್ಗಿನ ಹೊಲದ ಮೇವು ಹಾಕಿ ಎರಡು ಆಕಳು ಸಾಕಿದರೆ, ಮುಳುಗಿದ ವರ್ಷವೂ ಮನೆಗೆ ಹಾಲಿನ ಹಣ ಬರುತ್ತದೆ.

ಕಡೆಯದಾಗಿ ದಾರಿಯ ಮಾತು. ನಾಲ್ಕು ಹನಿ ಜೋರಾಗಿ ಬಿದ್ದರೆ ಹಳ್ಳದ ತಗ್ಗು ಸೇತುವೆ ಮುಳುಗಿ, ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಲಾಗದ, ಹೆಣ್ಣುಮಕ್ಕಳ ಶಾಲೆ ತಪ್ಪುವ ಊರುಗಳು ನಮ್ಮಲ್ಲಿವೆ. ಇದು ನಮಗೊಬ್ಬರಿಗೇ ಬಂದ ಪಾಡಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರಿನ ಸೀಮೆಯಲ್ಲಿ ತುಮರಿ ಎಂಬ ಊರಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಆ ಸೀಮೆಯ ಹಳ್ಳಿಗಳು ಹಿನ್ನೀರಿನ ಆಚೆಗೆ ಉಳಿದವು. ನಾಡಿಗೆಲ್ಲ ಬೆಳಕು ಕೊಟ್ಟ ಆ ನೀರನ್ನು ಅವರು ದಶಕಗಳ ಕಾಲ ಲಾಂಚಿನಲ್ಲಿ ದಾಟಿದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ರಾತ್ರಿ ಇತ್ತ ದಂಡೆಯಲ್ಲೇ. ಸೇತುವೆ ಬೇಕೆಂದು ಕೇಳುವುದನ್ನು ಅವರು ಬಿಡಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ 2 ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆಯಿತು. ಮುದುಕರಾದವರು ಕೇಳಿದ್ದನ್ನು ಮೊಮ್ಮಕ್ಕಳು ದಾಟುತ್ತಿದ್ದಾರೆ.

ನಮಗೆ ಬೇಕಾದ ಹಳ್ಳದ ಸೇತುವೆ ಅಷ್ಟು ದೊಡ್ಡದಲ್ಲ. ಗ್ರಾಮಸಭೆಯಲ್ಲಿ ಠರಾವು ಬರೆಸಿರಿ. ಸೇತುವೆ ಮುಳುಗಿದ ದಿನಗಳ ಲೆಕ್ಕವನ್ನು, ಶಾಲೆ ತಪ್ಪಿದ ಮಕ್ಕಳ ಸಂಖ್ಯೆಯನ್ನು ಅದರಲ್ಲಿ ಸೇರಿಸಿರಿ. ಸಂವಿಧಾನದ 371ನೆಯ ಜೆ ವಿಧಿಯಂತೆ ಕಲ್ಯಾಣ ಕರ್ನಾಟಕಕ್ಕೆಂದು ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ. ಅಲ್ಲಿಗೂ ಲೆಕ್ಕದೊಡನೆ ಹೋಗಿರಿ. ಬರಿಗೈಯ ಗೋಳಿಗಿಂತ ಬರೆದಿಟ್ಟ ಲೆಕ್ಕಕ್ಕೆ ಬೆಲೆ ಹೆಚ್ಚು.

ನಮ್ಮ ಹುಡುಗರು ಹೈದರಾಬಾದು, ಪುಣೆ, ಮುಂಬಯಿಗೆ ಹೋಗುತ್ತಿದ್ದಾರೆ. ಹೋಗುವುದು ತಪ್ಪಲ್ಲ. ಆದರೆ ಊರಲ್ಲಿ ಉಳಿಯಬೇಕೆಂದವನಿಗೆ ಉಳಿಯುವ ದಾರಿ ಇರಬೇಕು. ಮುಂದಿನ ಮಿರ್ಗಕ್ಕೆ ಮೊದಲು ನಿಮ್ಮ ಊರಿನ ಕಲ್ಲುಗಳಿಗೆ ಸುಣ್ಣ ಬಿದ್ದಿರಲಿ, ಇಬ್ಬರು ತರುಣರ ಹೆಸರು ಪಂಚಾಯತಿಯ ಗೋಡೆಯ ಮೇಲೆ ಬರೆದಿರಲಿ. ಇಷ್ಟಾದರೆ ಉಳಿದ ಕೆಲಸಕ್ಕೆ ಕೈ ತಾನೇ ಬರುತ್ತದೆ.